ಓಡು, ನಿಲ್ಲು, ತುಂಬು, ಮುಚ್ಚು

ಕಡಲೆಕಾಳಿನಷ್ಟು ಕೆಂಪು ದೀಪವೊಂದು ಬೆಳಿಗ್ಗೆ ಹತ್ತಕ್ಕೆ ಮಿಣುಕತೊಡಗಿದ್ದೇ ತಡ, ಫ್ಯೂಸಣ್ಣ ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಪಾತ್ರೆ ತೊಳೆಯುವ ಸೋಪುನೀರನ್ನು ಬಾಟಲಿಗೆ ತುಂಬುವ ಕಾರ್ಖಾನೆಗೆ ಅವನೊಬ್ಬನೇ ಎಲೆಕ್ಟ್ರಿಷಿಯನ್. ಅಂದು ಸಂಜೆ ಏಳರ ಬಸ್ಸಿಗೆ ಎರಡು ಸೀಟು ಕಾಯ್ದಿರಿಸಿದ್ದ. ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಹನ್ನೊಂದು ವರ್ಷದಿಂದ ಹೇಳುತ್ತಲೇ ಬಂದಿದ್ದ ಮಹಾನುಭಾವ. "ಈ ಸಲ ಏನು ನೆಪ ಹೇಳ್ತೀರೋ ನೋಡ್ತೀನಿ," ಎಂದು ಅವಳು ಬ್ಯಾಗು ತುಂಬುತ್ತಲೇ ಅಂದಿದ್ದಳು. ರಜೆ ಅರ್ಜಿ ಮ್ಯಾನೇಜರ ಮೇಜಿನ ಮೇಲಿತ್ತು, ಸಹಿ ಇನ್ನೂ ಬಿದ್ದಿರಲಿಲ್ಲ.

ದೀಪ ಇದ್ದದ್ದು ಪ್ರೊಸೆಸರ್ ಎಂಬ ಪೆಟ್ಟಿಗೆಯ ಮೇಲೆ. ನೋಡಲು ಊಟದ ಡಬ್ಬಿಯಷ್ಟೇ ಆದರೂ ಇಡೀ ಲೈನಿಗೆ ಅದೇ ಯಜಮಾನ. ಬೆಲ್ಟು ಓಡುವುದು, ನಿಲ್ಲುವುದು, ಸೋಪು ಸುರಿಯುವುದು, ಮುಚ್ಚಳ ಬೀಳುವುದು, ಎಲ್ಲ ಅದರ ಅಪ್ಪಣೆ. ಕರೆಂಟು ಹೋದಾಗ ಆ ಅಪ್ಪಣೆಗಳನ್ನು ಮರೆಯದಿರಲೆಂದು ಒಳಗೊಂದು ಪುಟ್ಟ ಬ್ಯಾಟರಿ. ಅದು ಮುಗಿಯುತ್ತ ಬಂದಿತ್ತು. ಕರೆಂಟು ಇರುವಾಗಲೇ ಬದಲಿಸಿದರೆ ಎರಡು ನಿಮಿಷದ ಕೆಲಸ.

ಫ್ಯೂಸಣ್ಣ ಹೊಸ ಬ್ಯಾಟರಿ ಹಿಡಿದು, ಪೆಟ್ಟಿಗೆ ಕೂರಿಸಿದ್ದ ಪ್ಯಾನೆಲ್ ಬೀರುವಿನ ಬಾಗಿಲು ತೆರೆದ. ಸುರಕ್ಷಾಧಿಕಾರಿ ಎಲ್ಲಿಂದಲೋ ಪ್ರತ್ಯಕ್ಷರಾದರು.

"ಏನ್ರೀ, ಕರೆಂಟಿರುವಾಗ ಕೈ ಹಾಕ್ತಿದ್ದೀರಲ್ಲ! ಜೀವದ ಮೇಲೆ ಆಸೆ ಇಲ್ವಾ?"

"ಸಾರ್, ಇದಕ್ಕೆ ಕರೆಂಟು ಇರ್ಲೇಬೇಕು..."

"ನನಗೇ ಪಾಠ ಹೇಳ್ತೀರಾ? ಮೊದ್ಲು ಆಫ್ ಮಾಡಿ!"

ಆ ಮನುಷ್ಯ ಮಾತಿಗೆ ನಿಂತರೆ ಸಂಜೆಯಾದೀತು. ಬ್ಯಾಟರಿ ತೆಗೆದ ಮೇಲೂ ಪೆಟ್ಟಿಗೆಗೆ ಐದು ನಿಮಿಷ ನೆನಪು ಉಳಿಯುತ್ತದೆ, ಅಷ್ಟರಲ್ಲಿ ಮುಗಿಸಿಬಿಡೋಣವೆಂದು ಫ್ಯೂಸಣ್ಣ ಸ್ವಿಚ್ಚು ಆರಿಸಿ ಹಳೆಯದನ್ನು ಕಿತ್ತ.

"ಕೈಗವಸು ಎಲ್ರೀ?"

ದಪ್ಪ ಕೈಗವಸು ಹಾಕಿಕೊಂಡದ್ದೇ ಹೊಸ ಬ್ಯಾಟರಿ ಜಾರಿ ಪ್ಯಾನೆಲ್ ಕೆಳಗೆ ಉರುಳಿತು. ಕ್ಯಾಂಟೀನಿನಿಂದ ಪೊರಕೆ ತರಿಸಿ ಅದನ್ನು ಎಳೆದು ಹಾಕುವಷ್ಟರಲ್ಲಿ ಕಾಲು ಗಂಟೆ. ಕರೆಂಟು ಕೊಟ್ಟಾಗ ಪ್ರೊಸೆಸರ್ ಆಗ ತಾನೇ ಹುಟ್ಟಿದ ಮಗುವಿನಂತೆ ಏನೂ ಅರಿಯದೆ ಕೂತಿತ್ತು.

ಮ್ಯಾನೇಜರು ಓಡಿ ಬಂದರು. "ಐದು ಗಂಟೆಗೆ ಎರಡು ಸಾವಿರ ಬಾಟಲಿ ಲಾರಿ ಹತ್ಬೇಕು. ಇಲ್ಲಾಂದ್ರೆ ರಜೆ ಮರೆತುಬಿಡಿ!"

ಪೆಟ್ಟಿಗೆ ಮಾರಿದವರಿಗೆ ಫೋನು ಮಾಡಿದರೆ, "ಸಂಜೆ ಹೇಳ್ತೀವಿ," ಎಂದರು.

ಫ್ಯೂಸಣ್ಣ ಎದೆಗುಂದಲಿಲ್ಲ. ರಿಪೇರಿಗೆಂದು ಪ್ರತಿ ಯಂತ್ರಕ್ಕೂ ಕೈಯಲ್ಲಿ ಒತ್ತುವ ಗುಂಡಿಗಳಿದ್ದವು. ಅವುಗಳ ಮುಂದೆ ಸಿಕ್ಕಸಿಕ್ಕವರನ್ನು ನಿಲ್ಲಿಸಿ, ತಾನು ಸ್ಟೂಲು ಹತ್ತಿ ಕೂಗಿದ: "ಓಡು! ನಿಲ್ಲು! ತುಂಬು! ಮುಚ್ಚು!"

ಸೋಪಿನ ಗುಂಡಿಗೆ ನಿಂತ ಸ್ಟೋರ್ ಕೀಪರ್ ಧಾರಾಳಿ. "ಇನ್ನೊಂಚೂರು ಹಾಕೋಣ, ಕೊಳ್ಳೋರಿಗೂ ಖುಷಿಯಾಗ್ಲಿ," ಎಂದು ಬೆರಳು ತೆಗೆಯಲೇ ಇಲ್ಲ. ನೊರೆ ಮೊಣಕಾಲಿಗೆ ಬಂತು. ನೆಲ ಜಾರುತ್ತದೆ ಎಂಬ ಫಲಕ ತರುತ್ತಿದ್ದ ಸುರಕ್ಷಾಧಿಕಾರಿ ಫಲಕದ ಸಮೇತ ಜಾರಿ ಗೋದಾಮು ಸೇರಿದರು.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕೈ ಕುದುರಿತು. ಬಸ್ಸಿನ ಅವಸರ ಬೇರೆ. ಗಂಟಲು ಕಟ್ಟಿದರೂ ಫ್ಯೂಸಣ್ಣ ನಿಲ್ಲಿಸಲಿಲ್ಲ. ನಾಲ್ಕೂವರೆಗೇ ಎರಡು ಸಾವಿರದ ಮುನ್ನೂರು ಬಾಟಲಿ! ಮ್ಯಾನೇಜರು ಕಣ್ಣು ಕಣ್ಣು ಬಿಟ್ಟರು.

ಅಷ್ಟರಲ್ಲಿ ಫೋನು ಬಂತು. ಪೆಟ್ಟಿಗೆಯನ್ನು ಸಮುದ್ರದ ಊರಿನ ವರ್ಕ್‌ಶಾಪಿಗೇ ಕಳಿಸಬೇಕಂತೆ, ಒಂದು ವಾರ ಬೇಕಂತೆ.

"ಆ ಊರಿಗೇ ಅಲ್ವೇನ್ರೀ ನಿಮ್ಮ ಬಸ್ಸು?" ಎಂದರು ಮ್ಯಾನೇಜರು.

ಫ್ಯೂಸಣ್ಣನ ಮುಖ ಮೊರದಗಲವಾಯಿತು. "ಹೌದು ಸಾರ್! ಮಗೂ ಥರ ಎತ್ಕೊಂಡು ಹೋಗ್ತೀನಿ."

"ನೀವು ಹೋದ್ರೆ ನಾಳೆ ಸ್ಟೂಲು ಹತ್ತೋರು ಯಾರು? ಟಿಕೆಟಂತೂ ಆಗಿದೆ, ಯಾಕೆ ದಂಡ ಮಾಡ್ತೀರಿ?"

ಮ್ಯಾನೇಜರು ಅರ್ಜಿಯಲ್ಲಿ ಫ್ಯೂಸಣ್ಣನ ಹೆಸರು ಹೊಡೆದು 'ಪ್ರೊಸೆಸರ್' ಎಂದು ಬರೆದು, ಒಂದು ವಾರದ ರಜೆಗೆ ಸಂತೋಷದಿಂದ ಸಹಿ ಹಾಕಿದರು.

ಏಳು ಗಂಟೆಗೆ ಬಸ್ಸು ಹೊರಡಲು ಅಣಿಯಾಯಿತು. ಕಿಟಕಿಯ ಕೆಳಗೆ ನಿಂತ ಫ್ಯೂಸಣ್ಣನಿಗೆ ಅಳುವೇ ಬಂದಿತ್ತು, ಕೂಗಿ ಹೇಳಲು ಗಂಟಲೂ ಇರಲಿಲ್ಲ. ಅವನ ಸೀಟಿನಲ್ಲಿ ಟವೆಲ್ ಹೊದ್ದು ಪ್ರೊಸೆಸರ್ ಆರಾಮಾಗಿ ಕೂತಿತ್ತು. ಪಕ್ಕದಿಂದ ಹೆಂಡತಿ ಕಿಟಕಿಗೆ ಮುಖ ತಂದಳು.

"ರೀ, ಇದು ಗೊರಕೆ ಹೊಡೆಯಲ್ಲ ತಾನೇ?"