ಹಂಗಾಮಿ ಕೈಗಳು

೧೯೪೩ರಲ್ಲಿ, ಯುದ್ಧಕ್ಕೆ ಪೆಟ್ಟಿಗೆ ಮಾಡಿಕೊಡುತ್ತಿದ್ದ ಮದ್ದೂರಿನ ಮರದ ಕಾರ್ಖಾನೆಯಲ್ಲಿ, ಕೆಲಸಗಾರರ ಕೈಗಳು ಪೂರ್ಣ ಸುರಕ್ಷಿತವಾಗಿದ್ದವು. ಹಾಗೆಂದು ಗೋಡೆಯ ಮೇಲೆ ಬರೆದಿತ್ತು.

ಅಲ್ಲಿ ಕರೆಂಟು ಗರಗಸಕ್ಕೆ ಹಲಗೆ ಕೊಡುತ್ತಿದ್ದವನು ಮೆಹಬೂಬ್ ಪಾಷಾ. ಹಲಗೆಯ ಕೊನೆಯ ಗೇಣು ತಳ್ಳುವಾಗ ಚಕ್ರದ ಹಲ್ಲಿಗೂ ಅವನ ಬೆರಳಿಗೂ ನಡುವೆ ದೇವರೊಬ್ಬನೇ ಇರುತ್ತಿದ್ದ. ದಿನಾ ಸಂಜೆ ಹೆಂಡತಿ ನೂರುನ್ನೀಸಾ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಹತ್ತೂ ಬೆರಳು ಎಣಿಸಿಕೊಂಡ ಮೇಲೆಯೇ ಒಲೆ ಹಚ್ಚುತ್ತಿದ್ದಳು.

ಹಲಗೆ ತಳ್ಳಲು ಮೊಳದುದ್ದದ ಮರದ ಪಟ್ಟಿ, ರೀಪರು ತುಂಡೊಂದು ಸಿಕ್ಕರೆ ಸಾಕೆಂದು ಪಾಷಾ ಗುಮಾಸ್ತ ಮರಿಯಯ್ಯನವರನ್ನು ಕೇಳಿದ. ಇಬ್ಬರೂ ನಿಂತಿದ್ದುದು ರೀಪರು ತುಂಡುಗಳ ರಾಶಿಯ ಮೇಲೆ.

"ಇವೆಲ್ಲ ಯುದ್ಧದ್ದು ಕಣಯ್ಯ, ಮುಟ್ಟಂಗಿಲ್ಲ," ಎಂದರು ಮರಿಯಯ್ಯ. "ಕೆಲಸಗಾರಂಗೆ ಅಂತ ಕೊಡೋ ಮರ ಒಂದೇ. ಹದಿನಾಲ್ಕನೇ ರೂಲು. ಕೈ ಕಳಕಂಡೋನಿಗೆ ಮರದ ಕೈ."

"ಕಳಕಳೋಕ್ಮುಂಚೆ ಕೊಡಬಾರ್ದು ಅಂತ ಬರದದಾ ಸ್ವಾಮಿ?"

ಮರಿಯಯ್ಯ ರೂಲಿನ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಇಲ್ಲ. ಅರ್ಜಿ ಆಕು."

ಅರ್ಜಿಯಲ್ಲಿ 'ಕೈ ಕಳೆದುಕೊಂಡ ತಾರೀಖು' ಎಂಬಲ್ಲಿ 'ಸದ್ಯದಲ್ಲೇ' ಎಂದು ಬರೆಯಲಾಯಿತು. ಮೂರು ತಿಂಗಳಿಗೆ ಕೈ ಬಂತು. ತೇಗದ್ದು, ಉಗುರನ್ನೂ ಕೆತ್ತಿದ್ದರು. ಪಾಷಾ ಅದರ ಮೊಣಕೈ ಹಿಡಿದು ಹಲಗೆ ತಳ್ಳತೊಡಗಿದ. ಹದಿನೈದು ದಿನ ನೂರುನ್ನೀಸಾ ಎಣಿಸದೆಯೇ ಒಲೆ ಹಚ್ಚಿದಳು.

ಹದಿನಾರನೆಯ ದಿನ ಗರಗಸ ಮರದ ಕೈಯ ಎರಡು ಬೆರಳನ್ನು ಕೊಯ್ದುಹಾಕಿತು. ಕೈಗೆ ಅಪಘಾತವಾಗಿದೆಯೆಂದು ತಂತಿ ಹೋಯಿತು. ಮಂಡ್ಯದಿಂದ ಸಾಹೇಬರು ಧಾವಿಸಿ ಬಂದರು. ಅಡ್ಡ ಬಂದ ಪಾಷಾನ ಕೈಗಳನ್ನು ಪಕ್ಕಕ್ಕೆ ಸರಿಸಿ, ಗಾಯವನ್ನು ಪರೀಕ್ಷಿಸಿ, "ಅಯ್ಯೋ, ಬಲಗೈ," ಎಂದು ನಿಟ್ಟುಸಿರಿಟ್ಟರು. ಅವರು ಮರಳುವ ಮೊದಲೇ ಆದೇಶ ಹೊರಟಿತು:

'ಗಾಯಗೊಂಡ ಕೈಗೆ ಎರಡು ತಿಂಗಳ ಪೂರ್ಣ ವಿಶ್ರಾಂತಿ ಮಂಜೂರಾಗಿದೆ. ಸದರಿ ಕೈಯನ್ನು ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು. ಗರಗಸದ ಹತ್ತಿರ ಸುಳಿಯಗೊಡತಕ್ಕದ್ದಲ್ಲ. ಅಲ್ಲಿಯವರೆಗೆ ಅದರ ಸ್ಥಾನದಲ್ಲಿ ಮೆಹಬೂಬ್ ಪಾಷಾನ ಸ್ವಂತ ಕೈಗಳನ್ನು ಹಂಗಾಮಿಯಾಗಿ ನೇಮಿಸಲಾಗಿದೆ.'

"ಇವಕ್ಕೇನಾರ ಆದ್ರೆ ಸ್ವಾಮಿ?" ಪಾಷಾ ತನ್ನ ಕೈಗಳನ್ನು ಮುಂದೆ ಚಾಚಿ ಕೇಳಿದ.

"ಹಂಗಾಮಿಗಳಿಗೆ ರಜ ಇಲ್ಲ ಕಣಯ್ಯ," ಮರಿಯಯ್ಯ ಬೀರುವಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿದರು. "ಆದ್ರೂ ಬುಡು, ಚೆನ್ನಾಗಿ ಕೆಲಸ ಮಾಡುದ್ರೆ ಮುಂದೆ ಖಾಯಂ ಆಗ್ತವೆ."

ಸಂಜೆ ಗಂಟೆ ಹೊಡೆದಾಗ ಕೆಲಸಗಾರರು ಒಬ್ಬೊಬ್ಬರಾಗಿ ಬೀರುವಿನ ಮುಂದೆ ನಿಂತು, ಕೈ ಹೇಗಿದೆಯೆಂದು ಮೆಲ್ಲಗೆ ವಿಚಾರಿಸಿ ಮನೆಗೆ ಹೋದರು.

ನೂರುನ್ನೀಸಾಗೆ ಸುದ್ದಿ ಆಗಲೇ ಮುಟ್ಟಿತ್ತು.

"ರಜ ಕೊಟ್ರಂತೆ?"

"ಕೊಟ್ರು. ಅದಕ್ಕೆ."

"ಈಗೆಂಗದೆ ಅದು?"

"ಬೀರುವಲ್ಲಿ ಆರಾಮಾಗದೆ."

"ಸದ್ಯ," ಎಂದು ನೂರುನ್ನೀಸಾ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಕಿರುಬೆರಳಿನಿಂದ ಎಣಿಸಲು ಶುರುಮಾಡಿದಳು.