ಶೇಖವ್ವನ ಗೋಡೆಗೆ ಸುಣ್ಣ ಬಳಿಯುವ ಕುರಿತು

ಸಂಖ್ಯೆ: ಚಿ.ಪ.ನೋಂ/ಬೇಸಿಗೆ/47/1962
ಸವಣೂರು, ದಿನಾಂಕ 9-5-1962

ವಿಷಯ: ಬೇಸಿಗೆಯ ಚಿಟ್ಟೆ ಹಾಗೂ ಪತಂಗಗಳ ನೋಂದಣಿ, ಅನಧಿಕೃತ ಗೋಡೆಯ ವಿಲೇವಾರಿ.
ಉಲ್ಲೇಖ: ಮೂಲ ದಾಖಲೆ ಕೇಳಿ ಮೇಲಿನ ಕಚೇರಿಯಿಂದ ಬಂದ ಮೂರನೆಯ ನೆನಪೋಲೆ.

ಕಳೆದ ಎರಡು ಬೇಸಿಗೆ ಸವಣೂರಿನ ಎಲೆಬಳ್ಳಿ ತೋಟಗಳಲ್ಲಿ ಚಿಟ್ಟೆ, ಪತಂಗಗಳನ್ನು ಎಣಿಸಿದವಳು ತೋಟದ ಕೂಲಿ ಶೇಖವ್ವ. ವರದಿಯಲ್ಲಿ ಎಣಿಸಿದವರೆಂದು ಇರುವ ಹೆಸರು ಈ ಕೆಳಗೆ ಸಹಿ ಮಾಡಿದವರದು.

ಸದರಿಯವಳಿಗೆ ಅಕ್ಷರ ಬಾರದ್ದರಿಂದ, ಹಾಲು ಹಾಕಿದ ದಿನಗಳನ್ನು ಗುರುತಿಡುವ ರೂಢಿಯಂತೆ, ತನ್ನ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಚಿಟ್ಟೆಗೊಂದು ಸುಣ್ಣದ ಚುಕ್ಕೆ, ಪತಂಗಕ್ಕೊಂದು ಇದ್ದಿಲ ಗೀರು ಹಾಕಿರುತ್ತಾಳೆ. ಮೂಲ ದಾಖಲೆಯೆಂಬುದು ಇದೇ ಆಗಿದ್ದು, ಗೋಡೆಯನ್ನು ಟಪಾಲಿನಲ್ಲಿ ಕಳಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಆದಕಾರಣ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸಮಸ್ತರಿಗೂ ಈ ಮೂಲಕ ಸೂಚಿಸಲಾಗಿದೆ:

1. ಬೆಳಿಗ್ಗೆ ಹತ್ತೂವರೆಗೆ ಮೊದಲು ಹಾಗೂ ಸಂಜೆ ಐದೂವರೆಯ ನಂತರ ಹಾರಿದ ಚಿಟ್ಟೆಯನ್ನು ಹಾರಿದಂತೆ ಪರಿಗಣಿಸತಕ್ಕದ್ದಲ್ಲ. ದೀಪ ಹಚ್ಚಿದ ಮೇಲೆಯೇ ಬರುವ ಪತಂಗಗಳಿಂದ ಲಿಖಿತ ಸಮಜಾಯಿಷಿ ಪಡೆಯತಕ್ಕದ್ದು.

2. ಹಾನಗಲ್ಲಿನಿಂದ ಶಿಗ್ಗಾಂವಿಗೆ ದಾಟುವ ಚಿಟ್ಟೆಯು ಗಡಿಗಲ್ಲಿನ ಮೇಲೆ ಕೂತಲ್ಲಿ, ಎರಡೂ ತಾಲೂಕಿನವರು ಬಂದು ಪಂಚನಾಮೆ ಮುಗಿಸುವ ತನಕ ಕೂತೇ ಇರತಕ್ಕದ್ದು.

3. ಕಂಬಳಿಹುಳವನ್ನು ಉಮೇದುವಾರನೆಂದೂ, ಗೂಡಿನೊಳಗಿರುವುದನ್ನು ದೀರ್ಘ ರಜೆಯ ಮೇಲಿದೆಯೆಂದೂ ನಮೂದಿಸತಕ್ಕದ್ದು. ಹಿರೇಕೆರೂರಿನಲ್ಲಿ ಇಂಥದೊಂದು ರಜೆಯಿಂದ ರೆಕ್ಕೆ ಸಮೇತ ಮರಳಿದ್ದು, ಅದರ ಗುರುತಿನ ಬಗ್ಗೆ ವಿಚಾರಣೆ ಜಾರಿಯಲ್ಲಿದೆ.

4. ಎಣಿಕೆಗಾಗಿ ಸಿಬ್ಬಂದಿ ತೋಟಕ್ಕೆ ಹೋಗತಕ್ಕದ್ದಲ್ಲ. ಹೋದಲ್ಲಿ, ಕಂಡದ್ದನ್ನೇ ಬರೆಯುವ ಸಂಭವವಿದೆ.

5. ಶೇಖವ್ವ ತನ್ನ ಗೋಡೆಗೆ ತಾನೇ ಸುಣ್ಣ ಬಳಿದು, ತಾನು ಯಾವ ಚಿಟ್ಟೆಯನ್ನೂ ಕಂಡಿಲ್ಲವೆಂದು ಹೆಬ್ಬೆಟ್ಟು ಒತ್ತತಕ್ಕದ್ದು. ಸುಣ್ಣವನ್ನು ಇಲಾಖೆಯೇ ದೊಡ್ಡ ಮನಸ್ಸಿನಿಂದ ಒದಗಿಸಿದೆ.

ಸಹಿ/- (ಓದಲಾಗದು)
ಚಿಟ್ಟೆ ಹಾಗೂ ಪತಂಗ ನೋಂದಣಾಧಿಕಾರಿ

ಪ್ರತಿಗಳು:
ನಾಲ್ಕೂ ತಾಲೂಕುಗಳ ಸಿಬ್ಬಂದಿಗೆ, ಪಾಲನೆಗಾಗಿ.
ಚಿಟ್ಟೆಗಳಿಗೆ, ತಿಳಿವಳಿಕೆಗಾಗಿ.
ಮೇಲಿನ ಕಚೇರಿಗೆ: ಕಳಿಸತಕ್ಕದ್ದಲ್ಲ.
ಶೇಖವ್ವನಿಗೆ, ಸಿಪಾಯಿ ಮೆಹಬೂಬನ ಮುಖಾಂತರ, ಸುಣ್ಣದ ಬಕೀಟು ಸಮೇತ.

ಕೊನೆಯ ಪ್ರತಿಯ ಮೇಲೆ ಸಿಪಾಯಿಯ ಷರಾ: ಓದಿ ಹೇಳಿದೆ. ಶೇಖವ್ವನವರು ನಕ್ಕು, "ಕಂಡಿಲ್ಲಂತ ಹೆಬ್ಬಟ್ಟ ಹೆಂಗ ಒತ್ತಲೋ ಮೆಹಬೂಬ? ಕಣ್ಣ ನನ್ನವು, ಗ್ವಾಡಿ ನಂದು. ಬಳಿಯಂಗಿಲ್ಲ, ಒತ್ತಂಗಿಲ್ಲ. ನಿಮ್ಮ ಸಾಹೇಬ್ರಿಗೆ ಒಂದ ಸಲ ಬಿಸಲಾಗ ಬರ್ರಿ ಅನ್ನು, ಪಾತರಗಿತ್ತಿ ಅಂದ್ರ ಹೆಂಗಿರತೈತಿ ತೋರಸ್ತೇನಿ" ಎಂದರು. ಅಷ್ಟರಲ್ಲಿ ಬಾಗಿಲ ಮುಂದೆ ಹಳದಿಯದೊಂದು ಹಾದುಹೋಯಿತು. ಇಲಾಖೆಯ ಬಕೀಟಿನಲ್ಲಿ ಬೆರಳದ್ದಿ ಗೋಡೆಗೆ ಚುಕ್ಕೆ ಇಟ್ಟರು. ಹೊತ್ತು ಐದೂವರೆ ದಾಟಿತ್ತು.