ಚೀಟಿ ಓದಿ ಗುರುತು ಹಾಕಿ

ಯಾವ್‌ಟಿಂಗನ ಗ್ರಹಚಾರ ಶುರುವಾದದ್ದು ಒಂದು ತಿಂಡಿ ಚೀಟಿಯಿಂದ. ಆ್ಯಪು, ವೆಬ್‌ಸೈಟುಗಳನ್ನು ಜನ ಸುಲಭವಾಗಿ ಬಳಸುವಂತೆ ವಿನ್ಯಾಸ ಮಾಡುವುದು ಅವನ ಕಸುಬು. ಆದರೆ ತೋರಿಸಲು ಇದ್ದದ್ದೆಲ್ಲ ಬರೀ ಕಲ್ಪನೆಯ ಕೆಲಸ. ನಿಜವಾದ ಜನ ಮುಟ್ಟಿ ನೋಡಿದ ಒಂದಾದರೂ ಕೆಲಸ ತನ್ನಿ ಎಂದು ಅವನು ಕೆಲಸಕ್ಕೆ ಅರ್ಜಿ ಹಾಕಿದ್ದ ಕಂಪನಿಯವರು ತಾಕೀತು ಮಾಡಿದ್ದರು. ಅವತ್ತು ಮಧ್ಯಾಹ್ನವೇ ಸಂದರ್ಶನ. ಇದೂ ಕೈತಪ್ಪಿದರೆ ಅಪ್ಪನ ಟೈರ್ ಅಂಗಡಿಯೇ ಗತಿ.

ಹಾಗಾಗಿ ತೈಚುಂಗ್ ನಗರದ ತನ್ನ ಗಲ್ಲಿಯ ಆಖಿಮ್ ಅತ್ತೆಯ ತಿಂಡಿ ಅಂಗಡಿಗೆ ಗಂಟುಬಿದ್ದ. ಗಿರಾಕಿಗಳು ಬೇಕಾದ ತಿಂಡಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡುವ ಚೀಟಿ ಅಲ್ಲಿ ಅಂಗಡಿಯಷ್ಟೇ ಹಳೆಯದು. ಸಾಲುಗಳನ್ನು ಹಿಂದುಮುಂದು ಮಾಡಿ, ಮದುವೆ ಕಾಗದದಂಥ ಹೊಸ ಚೀಟಿ ಮಾಡಿ ಬೆಳಿಗ್ಗೆಯೇ ಮೇಜುಗಳ ಮೇಲಿಟ್ಟ.

ಅವತ್ತು ಚಾಂದ್ರಮಾನ ತಿಂಗಳ ಮೊದಲ ದಿನ, ಅರ್ಧ ಗಲ್ಲಿ ಮಾಂಸ ಮುಟ್ಟುವುದಿಲ್ಲ. ಬಸ್ ಓಡಿಸಿ ನಿವೃತ್ತರಾದ ಲ್ಯಾವ್ ಮಾವ ಪೇಪರಿನಿಂದ ಕಣ್ಣೆತ್ತದೆ, ಎಂದಿನಂತೆ ಮೂರನೇ ಸಾಲಿಗೆ ಗುರುತೆಳೆದರು. ಮೂಲಂಗಿ ಕಡುಬಿದ್ದ ಜಾಗದಲ್ಲಿ ಈಗ ಹಂದಿಮಾಂಸದ ರೊಟ್ಟಿಯಿತ್ತು. ಒಂದು ತುತ್ತು ಕಚ್ಚಿದ ಮೇಲೆಯೇ ಅವರಿಗೆ ಗೊತ್ತಾದದ್ದು. ಪಕ್ಕದ ಮೇಜಿನ ಅಜ್ಜಿಯರದೂ ಅದೇ ಪಾಡು. ಅಂಗಡಿ ಸಂತೆಯಾಯಿತು.

"ಜಾಗ ಬದಲಾಯಿಸಿದವನಿಗೆ ತಲೆ ನೆಟ್ಟಗಿಲ್ಲ," ಎಂದರು ಲ್ಯಾವ್ ಮಾವ.

"ತಪ್ಪು ಚೀಟೀದಲ್ಲ ಮಾವ, ನಿಮ್ಮ ಕೈಯ್ದು," ಎಂದ ಯಾವ್‌ಟಿಂಗ್. " ಓದಿ ಗುರುತು ಹಾಕ್ಬೇಕು. ನಾನಂತೂ ಒಂದಕ್ಷರ ಬದಲಾಯಿಸಲ್ಲ."

ಆಖಿಮ್ ಅತ್ತೆ ಹಳೆಯ ಚೀಟಿಗಳ ಕಟ್ಟು ಹೊರಗೆ ತೆಗೆದಳು.

ಸಂದರ್ಶನದಲ್ಲಿ ಯಾವ್‌ಟಿಂಗ್ ಏನನ್ನೂ ಮುಚ್ಚಿಡಲಿಲ್ಲ. ರೊಟ್ಟಿ ಕಚ್ಚಿದ ಮಾವನ ಮುಖದ ಫೋಟೋ, ಬೈಗುಳ, ತಾನು ಕೊಟ್ಟ ಉತ್ತರ, ಎಲ್ಲವನ್ನೂ ಎದೆಯುಬ್ಬಿಸಿ ಒಪ್ಪಿಸಿದ. ಅಧಿಕಾರಿ ಫಾನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಟಮಾರಿಯೇನೋ ಹೌದು, ಆದರೆ ಸೋಲನ್ನೂ ಹೊತ್ತು ತಂದವನು ಇವನೊಬ್ಬನೇ, ಉಳಿದದ್ದನ್ನು ನಾವು ಕಲಿಸೋಣ ಎಂದಳು. ಕೆಲಸ ನಿಮ್ಮದೇ, ಒಪ್ಪಿಗೆ ಒತ್ತಿ ಎಂದು ಟ್ಯಾಬ್ಲೆಟ್ ಮುಂದಿಟ್ಟಳು.

ಆನಂದದಲ್ಲಿ ಅವಳ ಮುಖವನ್ನೇ ನೋಡುತ್ತ ಯಾವ್‌ಟಿಂಗ್ ಬಲಗಡೆಯ ಗುಂಡಿ ಒತ್ತಿದ.

ಪರದೆ ಹೇಳಿತು: 'ನೀವು ಈ ಕೆಲಸ ಬೇಡವೆಂದಿದ್ದೀರಿ. ಮುಂದಿನ ಅಭ್ಯರ್ಥಿಗೆ ತಿಳಿಸಲಾಗಿದೆ.' ಅವನು ಬಾಯಿ ಮುಚ್ಚುವಷ್ಟರಲ್ಲಿ ಆ ಮುಂದಿನವಳ ಒಪ್ಪಿಗೆಯೂ ಬಂದುಬಿಟ್ಟಿತು.

"ಒಪ್ಪಿಗೆ ಯಾವಾಗ್ಲೂ ಬಲಗಡೆ ತಾನೇ ಇರೋದು?" ಯಾವ್‌ಟಿಂಗ್ ಕೆರಳಿದ. "ಜಾಗ ಬದಲಾಯಿಸಿದವರಿಗೆ ತಲೆ ನೆಟ್ಟಗಿಲ್ಲ."

ಗುಂಡಿಗಳ ಜಾಗ ಇವತ್ತು ಬೆಳಿಗ್ಗೆಯಷ್ಟೇ ಬದಲಾಯಿಸಿದ್ದು ಎಂದು ಫಾನ್ ಒಪ್ಪಿಕೊಂಡಳು. ಅವಳಿಗೂ ಬೇಸರವಾಗಿತ್ತು.

"ಆದ್ರೆ ತಪ್ಪು ಗುಂಡೀದಲ್ಲ, ನಿಮ್ಮ ಕೈಯ್ದು," ಎಂದಳು. "ಈಗ ತಾನೇ ನೀವೇ ಹೇಳಿದ್ರಲ್ಲ."